ಎಕ್ಸ್‌ರೇ ಸಾಹೇಬರು ಹಗ್ಗ ಹಿಡಿದದ್ದು

ಕ್ರೀಡಾ ಇಲಾಖೆಯಲ್ಲಿ ಎಲ್ಲರೂ ಅವರನ್ನು ಎಕ್ಸ್‌ರೇ ಸಾಹೇಬರು ಎಂದೇ ಕರೆಯುತ್ತಿದ್ದರು. ಸರ್ಕಾರದ ನೆರವು ಕೇಳಿಕೊಂಡು ಬರುವ ಹವ್ಯಾಸಿ ಸಂಘಗಳು ನಿಜವಾಗಿ ಆಡುತ್ತವೆಯೋ, ಇಲ್ಲ ಬರೀ ಬೋರ್ಡು ನೇತುಹಾಕಿಕೊಂಡು ಕೂತಿವೆಯೋ ಎಂದು ಹೋಗಿ ನೋಡುವುದು ಅವರ ಕೆಲಸ. ಸ್ವತಃ ಯಾವ ಆಟವನ್ನೂ ಆಡಿದವರಲ್ಲ; ಕಣ್ಣೆದುರಿಗೇ ಬಸ್ಸು ಹೊರಟರೂ ಓಡಿದವರಲ್ಲ. ಆದರೆ ಸುಳ್ಳು ಸಂಘ ಅವರ ಕಣ್ಣು ತಪ್ಪಿಸಿದ್ದಿಲ್ಲ. ಚದುರಂಗ ಸಂಘದ ಅಧ್ಯಕ್ಷರನ್ನು ಒಮ್ಮೆ, "ಕುದುರೆ ಹೇಗೆ ಹೋಗುತ್ತೆ?" ಎಂದು ಕೇಳಿದ್ದರು. "ಕುದುರೆ ಅಲ್ವಾ ಸಾರ್, ಜೋರಾಗೇ ಹೋಗುತ್ತೆ" ಎಂದಿದ್ದರು ಅಧ್ಯಕ್ಷರು. ಈಜು ಸಂಘದ ಕಾರ್ಯದರ್ಶಿಗೆ, ನೀರಿಗೆ ಇಳಿಯಿರಿ ಎಂದ ಕೂಡಲೇ ನಿಂತಲ್ಲೇ ನೆಗಡಿ ಹಿಡಿದಿತ್ತು.

ಮನೆಯಲ್ಲಿ ಮಾತ್ರ ಈ ಎಕ್ಸ್‌ರೇ ಕೆಲಸ ಮಾಡುತ್ತಿರಲಿಲ್ಲ. ಹೆಂಡತಿ ಅಂಚೆ ಕಚೇರಿಯ ಪಾರ್ಸಲ್ ವಿಭಾಗದಲ್ಲಿದ್ದರು. ಕೆಲವು ತಿಂಗಳಿಂದ ಸಂಜೆ ತಡವಾಗಿ ಬರುತ್ತಿದ್ದರು. ಕೇಳಿದರೆ "ವಾಕಿಂಗು" ಎನ್ನುತ್ತಿದ್ದರು. ವಾಕಿಂಗಿಗೆ ಹೋದವರ ಮೊಣಕೈಗೆ ಮಣ್ಣು ಯಾಕೆ ಮೆತ್ತುತ್ತದೆ ಎಂದು ಸಾಹೇಬರಿಗೆ ಹೊಳೆಯಲಿಲ್ಲ. ತಾವು ಹೆಣಗಾಡಿ ಕೈಬಿಟ್ಟ ಜಾಮ್ ಬಾಟಲಿಯ ಮುಚ್ಚಳವನ್ನು ಆಕೆ ಮಾತಾಡುತ್ತಲೇ ತಿರುಗಿಸಿ ತೆಗೆದಾಗಲೂ, ನಾನು ಆಗಲೇ ಸಡಿಲ ಮಾಡಿದ್ದೆನಲ್ಲ ಎಂದುಕೊಂಡು ಸುಮ್ಮನಾದರು.

ಹೀಗಿರುವಾಗ ಮಹಿಳೆಯರ ಹಗ್ಗಜಗ್ಗಾಟ ಸಂಘವೊಂದರ ತಪಾಸಣೆ ಅವರ ಪಾಲಿಗೆ ಬಂತು. ಅಭ್ಯಾಸಕ್ಕೆ ಮೈದಾನ, ಒಂದು ಒಳ್ಳೆಯ ಹಗ್ಗ, ಒಬ್ಬ ತರಬೇತುದಾರ, ಇಷ್ಟು ಬೇಕೆಂದು ಸಂಘ ಕೇಳಿತ್ತು. ಒಂದು ಸಂಜೆ ಸಾಹೇಬರು ಇಲಾಖೆಯ ಜೀಪು ಹತ್ತಿ, ಹೇಳದೆ ಕೇಳದೆ ಮೀನು ಮಾರುಕಟ್ಟೆಯ ಹಿಂದಿನ ಬಯಲಿಗೆ ಹೋಗಿ ಇಳಿದರು.

ಮಂಜುಗಡ್ಡೆ ಕರಗಿದ ನೀರೆಲ್ಲ ಹರಿದು ಬಂದು ಬಯಲಿನ ನಡುವೆ ಕೆಸರಾಗಿತ್ತು. ಬೂಟು ತೊಟ್ಟ ಹೆಂಗಸರು ಸಾಲಾಗಿ ಹಗ್ಗ ಹಿಡಿದು ಹಿಂದಕ್ಕೆ ವಾಲಿದ್ದರು. ಹಗ್ಗದ ಇನ್ನೊಂದು ತುದಿಯನ್ನು ಕೆಟ್ಟು ನಿಂತ ಲಾರಿಗೆ ಕಟ್ಟಿದ್ದರು. ಲಾರಿ ನಿಧಾನವಾಗಿ ಅವರ ಕಡೆಗೆ ಬರುತ್ತಿತ್ತು. ಸಾಲಿನ ಕೊನೆಯಲ್ಲಿ, ಹಗ್ಗವನ್ನು ಬೆನ್ನಿಗೆ ಸುತ್ತಿಕೊಂಡು, ಹಿಮ್ಮಡಿಗಳನ್ನು ನೆಲಕ್ಕೆ ಊರಿ ನಿಂತಿದ್ದವರು ಸಾಹೇಬರ ಹೆಂಡತಿ.

ಸಂಘದ ನಾಯಕಿ ಮೀನು ಮಾರುವಾಕೆ. ಮಾರುಕಟ್ಟೆಗೆಲ್ಲ ಆಕೆ ಮೀನಕ್ಕ. "ಬನ್ನಿ ಸಾರ್, ಇವರು ನಮ್ಮ ತಂಡದ ಬೇರು" ಎಂದು ಆಕೆ ಪರಿಚಯ ಮಾಡಿಕೊಟ್ಟಳು.

"ನಮಸ್ಕಾರ ಸಾರ್. ಊಟ ಚೆನ್ನಾಗಿತ್ತಾ?" ಎಂದರು ಹೆಂಡತಿ. ಬೆಳಿಗ್ಗೆ ಡಬ್ಬಿ ಕಟ್ಟಿಕೊಟ್ಟವರೂ ಅವರೇ.

"ನೀನು... ಅಂದ್ರೆ, ನೀವು ಇಲ್ಲಿ ಏನ್ ಮಾಡ್ತಿದೀರಿ?"

"ವಾಕಿಂಗ್ ಸಾರ್. ಹಿಂದಕ್ಕೆ ನಡೀತೀವಿ, ಅಷ್ಟೇ."

ಸಾಹೇಬರು ಗಂಟಲು ಸರಿಮಾಡಿಕೊಂಡರು. ಜೀಪಿನ ಚಾಲಕ ಆಗಲೇ ಮುಖ ಆ ಕಡೆ ತಿರುಗಿಸಿ ನಗುತ್ತಿದ್ದ. "ಲಾರಿ ಎಳೆದ್ರೆ ಅದು ಆಟ ಆಗಲ್ಲ. ಎದುರಿಗೆ ಒಂದು ತಂಡ ಬೇಕು" ಎಂದರು.

"ಎಲ್ಲಿಂದ ತರೋಣ ಸಾರ್?" ಎಂದಳು ಮೀನಕ್ಕ. "ಇಲ್ಲಿನ ಗಂಡಸರು ಒಂದು ಸಲ ಬಂದಿದ್ರು. ಈಗ ನಮ್ಮನ್ನ ಕಂಡ್ರೆ ಬೇರೆ ದಾರಿ ಹಿಡೀತಾರೆ. ನೀವೇ ಹಿಡೀರಿ, ತಪಾಸಣೆನೂ ಆಗುತ್ತೆ."

"ಬೇಡ ಮೀನಕ್ಕ, ಪಾಪ" ಎಂದರು ಹೆಂಡತಿ. "ಸಾರ್‌ಗೆ ಸೊಂಟ ನೋವು ಇರೋ ಹಾಗಿದೆ."

"ನನ್ನ ಸೊಂಟಕ್ಕೇನೂ ಆಗಿಲ್ಲ" ಎಂದು ಸಾಹೇಬರು ಕೋಟು ಬಿಚ್ಚಿದರು.

ಚಾಲಕ, ಮಾರುಕಟ್ಟೆಯ ಕಾವಲುಗಾರ, ಮೀನು ತೂಗುವವನು, ಮಂಜುಗಡ್ಡೆ ಹೊರುವ ದಾಂಡಿಗರು, ಎಲ್ಲರೂ ಸಾಹೇಬರ ಹಿಂದೆ ನಿಂತರು. ಯಾರೋ ಸೀಟಿ ಊದಿದರು. ಮೊದಲ ಕ್ಷಣ ಹಗ್ಗ ಅಲುಗಲಿಲ್ಲ. ಗೆದ್ದೇಬಿಟ್ಟೆವು ಅಂತ ಸಾಹೇಬರಿಗೆ ಅನ್ನಿಸಿತು. ಆಮೇಲೆ ಎದುರಿನ ಸಾಲು ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಇಟ್ಟಿತು, ಮತ್ತೊಂದು ಇಟ್ಟಿತು. ಇಡೀ ಸರ್ಕಾರವೇ ಕೆಸರಿನೊಳಕ್ಕೆ ಜಾರಿಕೊಂಡು ಹೋಯಿತು. ಸಾಹೇಬರ ಒಂದು ಬೂಟು ಅಲ್ಲೇ ಹೂತುಹೋಯಿತು.

"ಇನ್ನೊಂದು ಸಲ" ಎಂದು ಅವರೇ ಕೇಳಿದರು. ಎರಡನೇ ಬೂಟೂ ಹೋಯಿತು.

ಮನೆಗೆ ಬಂದು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತಾಗ ಕೇಳಿದರು, "ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಬರ್ತಿದ್ರಾ? ಹೆಂಡತಿ ಇರೋ ಸಂಘ ಅಂತ ಬೇರೆ ಯಾರನ್ನೋ ಕಳಿಸ್ತಿದ್ರಿ. ಅವರು ಒಂದು ಫೋಟೋ ಹೊಡೆದು, ಚಹಾ ಕುಡಿದು ಹೋಗ್ತಿದ್ರು. ಸರಿಯಾಗಿ ನೋಡೋರು ನೀವೊಬ್ರೇ ಕಣ್ರೀ."

ಇದು ಹೊಗಳಿಕೆಯೋ ಪೂಸಿಯೋ ಸಾಹೇಬರಿಗೆ ತಿಳಿಯಲಿಲ್ಲ. ಎರಡೂ ಆಗಿದ್ದರೂ ಹಿತವಾಗೇ ಇತ್ತು. ಆದರೆ ಮರುದಿನ ಕಚೇರಿಗೆ ಹೋದವರೇ ನಿರ್ದೇಶಕಿಯ ಎದುರು ನಿಂತು, "ನಾನು ಶಿಫಾರಸು ಮಾಡೋ ಹಾಗಿಲ್ಲ ಮೇಡಂ, ಕೊನೇಲಿ ನಿಲ್ಲೋರು ನನ್ನ ಮನೆಯವರು" ಎಂದುಬಿಟ್ಟರು.

"ಸರಿ, ಶಿಫಾರಸು ಬೇಡ. ತಂಡ ನಿಜಾನೋ ಸುಳ್ಳೋ, ಅಷ್ಟು ಹೇಳಿ."

ಸಾಹೇಬರು ಎರಡೂ ಅಂಗೈಗಳನ್ನು ಮುಂದೆ ಚಾಚಿದರು. ಚರ್ಮ ಸುಲಿದು ಕೆಂಪಾಗಿತ್ತು. ನಿರ್ದೇಶಕಿ ನಗು ತಡೆದುಕೊಂಡು, "ನಾನೇ ಹೋಗಿ ನೋಡ್ತೀನಿ" ಎಂದರು. ಹೋದವರು ಸಂಜೆ ಚಪ್ಪಲಿ ಕೈಯಲ್ಲಿ ಹಿಡಿದು ವಾಪಸು ಬಂದರು. ಅಲ್ಲಿ ಏನಾಯಿತೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಆ ವಾರವೇ ಶಾಲಾ ಮೈದಾನ, ಹಗ್ಗ, ತರಬೇತುದಾರ ಮೂರೂ ಮಂಜೂರಾದವು.

ಆ ವರ್ಷದ ರಾಜ್ಯಮಟ್ಟದ ಪಂದ್ಯಾವಳಿಯಲ್ಲಿ ತಂಡ ಸೆಮಿಫೈನಲ್‌ವರೆಗೂ ಹೋಯಿತು. ಅಲ್ಲಿ ಎದುರಿಗಿದ್ದದ್ದು ಮಹಿಳಾ ಪೊಲೀಸರ ತಂಡ. ಇಲಾಖೆಯವರು ಯಾರ ಪರವೂ ಕೂಗಬಾರದು ಎಂಬುದು ನಿಯಮ. ಸಾಹೇಬರು ತುಟಿ ಬಿಗಿದು ಕೂತರು. ಬಾಯಿ ನಿಯಮ ಪಾಲಿಸಿತು, ಕಾಲು ಪಾಲಿಸಲಿಲ್ಲ. ನೆಲಕ್ಕೆ ಊರಿ ಒದ್ದೂ ಒದ್ದೂ ಕುರ್ಚಿ ಸಮೇತ ಹಿಂದಿನ ಸಾಲಿನವರ ಮೊಣಕಾಲಿಗೆ ಹೋಗಿ ತಗುಲಿದರು. ಅಷ್ಟಾದರೂ ತಂಡ ಸೋತಿತು.

ವಾಪಸು ಬರುವ ಬಸ್ಸಿನಲ್ಲಿ ಹೆಂಡತಿ ಕಿಟಕಿಗೆ ತಲೆ ಆನಿಸಿ, "ಇನ್ನೊಂದು ಹೆಜ್ಜೆ ಸಾಕಿತ್ತು ರೀ" ಎಂದರು.

"ನೋಡಿದೆ. ನಿನ್ನ ಎಡಗಾಲು ಜಾರಿತು" ಎಂದರು ಸಾಹೇಬರು.

"ಅದೊಂದು ಕಾಣಿಸಿಬಿಡುತ್ತೆ ನಿಮಗೆ."

ಅಷ್ಟರಲ್ಲಿ ಮೀನಕ್ಕ ಕೆಸರು ಹಿಡಿದ ಹಗ್ಗದ ಸುರುಳಿಯನ್ನು ತಂದು ಸಾಹೇಬರ ತೊಡೆಯ ಮೇಲೆ ಇಳಿಸಿದಳು. "ಸರ್ಕಾರದ ಸೊತ್ತು ಸಾರ್, ನೀವೇ ನೋಡ್ಕೋಬೇಕು" ಎಂದು ಹೋಗಿ ತನ್ನ ಸೀಟಿನಲ್ಲಿ ಕಾಲು ಚಾಚಿಕೊಂಡಳು. ಅದು ಮಗುವಿಗಿಂತ ಭಾರವಿತ್ತು, ಮೀನಿನ ವಾಸನೆ ಬೇರೆ. ಸಾಹೇಬರು ಅದನ್ನು ಎರಡೂ ಕೈಯಿಂದ ತಬ್ಬಿಕೊಂಡು ಊರು ಬರುವವರೆಗೂ ಕೂತಿದ್ದರು.