ಚಿಗವ್ವ ಕಾಯ್ದ ಉಸುಕಿನ ದಿನ್ನೆ

ನಾಟಿಗೆ ಹೊರಟ ಆ ಬೆಳಿಗ್ಗೆ ಚಿಗವ್ವ ನಮ್ಮ ಮನೆಯ ಕಟ್ಟೆಯ ಮೇಲೆ ನಿಂತು ಸೀರೆಯ ಅಂಚು ಕೊಡವಿದಳು. ಉದುರಿದ ಉಸುಕನ್ನು ಅಂಗೈಗೆ ಬಳಿದುಕೊಂಡು ಓಣಿಯ ಕೊನೆಯವರೆಗೆ ನಡೆದು, ಕೆರೆಯಂಚಿನ ದಿನ್ನೆಗೆ ಹಾಕಿ ಬಂದಳು. ದಿನಾಲೂ ಹಾಗೇ. ಹಿಮ್ಮಡಿಯ ಬಿರುಕುಗಳಲ್ಲಿ ಸಿಕ್ಕಿಕೊಂಡದ್ದು ಮಾತ್ರ ಅವಳ ಜೊತೆ ಮನೆಯೊಳಗೆ ಹೋಗುತ್ತಿತ್ತು.

ಚಿಗವ್ವ ನನ್ನ ಚಿಕ್ಕಪ್ಪನ ಹೆಂಡತಿ, ಪಕ್ಕದ ಮನೆಯವಳು. ನಮ್ಮೂರು ಮಸ್ಕಿಯಿಂದ ಪಾಮನಕಲ್ಲೂರಿಗೆ ಹೋಗುವ ದಾರಿಯಲ್ಲಿದೆ. ಹಳ್ಳ ತಂದ ಉಸುಕನ್ನು ಬೇಸಿಗೆಯ ಗಾಳಿ ಕೆರೆಯಂಚಿಗೆ ಒತ್ತಿ ಒತ್ತಿ ದಿನ್ನೆ ಮಾಡಿತ್ತು. ಅದರ ಈಚೆ ನಮ್ಮ ಹನ್ನೊಂದು ಮನೆಗಳ ಓಣಿ. ಬೋರಿನ ನೀರು ಸವಳು. ದಿನ್ನೆಯ ಬುಡದಲ್ಲಿ ಮೊಳದಷ್ಟು ತೋಡಿದರೆ ಸಿಹಿನೀರು ಒಸರುತ್ತಿತ್ತು. ಓಣಿಯವರೆಲ್ಲ ಕುಡಿದದ್ದು ಆ ಚಿಲುಮೆಯ ನೀರನ್ನೇ. ಮೊದಲ ತಂಬಿಗೆಯನ್ನು ಉಸುಕಿಗೇ ಸುರಿಯಬೇಕು, ಆಮೇಲೆ ಕೊಡಕ್ಕೆ. ಮರೆತರೆ ಚಿಗವ್ವ ಬಿಡುತ್ತಿರಲಿಲ್ಲ. "ನೀರು ಕೊಟ್ಟಾಕಿ ಬಾಯಿ ಮೊದ್ಲು ತೊಯ್ಲಿ" ಎನ್ನುತ್ತಿದ್ದಳು.

ದನ ಹತ್ತಿ, ಜನ ತುಳಿದು ದಿನ್ನೆ ಸವೆಯತೊಡಗಿದಾಗ ಅವಳು ಹೊಲದ ಬದುವಿನಿಂದ ಕರಕಿ ಹುಲ್ಲು ಕಿತ್ತು, ಬೇರಿಗೆ ಹಸಿ ಬಟ್ಟೆ ಸುತ್ತಿಕೊಂಡು ಬಂದು ಸಾಲಾಗಿ ನೆಟ್ಟಳು. ಎದುರುಮನೆಯ ಹಿರಿಯರು ನಕ್ಕರು. "ಇವತ್ತು ಉಸುಕಿನ್ಯಾಗ ಹುಲ್ಲು ಹಚ್ಚಾಕತ್ತಿ. ನಾಳಿ ಕೆರ್ಯಾಗ ಜೋಳ ಬಿತ್ತತಿ ಏನವಾ?"

"ಬಿತ್ತತೀನ್ರೀ ಅಣ್ಣ. ರೊಟ್ಟಿ ಬೇಡಾಕ ಮಾತ್ರ ಬರಬ್ಯಾಡ್ರಿ."

ಆ ಬೆಳಿಗ್ಗೆ ಓಣಿಯ ಹೆಂಗಸರು ಎಂಟು ದಿನದ ಭತ್ತದ ನಾಟಿಗೆ ಮುಕ್ಕುಂದಕ್ಕೆ ಹೊರಟಿದ್ದರು. ಟೆಂಪೊ ಹತ್ತುವ ಮುಂಚೆ ಚಿಗವ್ವ ನನ್ನನ್ನು ಕರೆದಳು.

"ಲೇ ತಮ್ಮಾ, ಕರಕಿ ಇನ್ನಾ ಎಳೀದೈತಿ. ಸಂಜಿಕ ಒಂದು ಕೊಡ ನೀರು ಚಿಮುಕ್ಸು. ಮ್ಯಾಲೆ ಕಾಲಿಡಬ್ಯಾಡ ಮತ್ತ, ನಿನ್ನವು ಎಮ್ಮಿ ಕಾಲು."

"ಹಾರಿಕೊಂತ ಹೋಗ್ಲೇನು ಚಿಗವ್ವಾ?"

"ಹಾರು ಮಗನ. ನಿನ್ನ ಮದಿವ್ಯಾಗ ಕುಣಿದ್ಯಲ್ಲ, ಹಂಗ."

ಟೆಂಪೊದಲ್ಲಿದ್ದ ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

ಆ ವಾರ ನಮ್ಮ ಹೊಸ ಕೋಣೆಯ ಗೋಡೆಗೆ ಗಿಲಾವು ನಡೆದಿತ್ತು. ಹೇಳಿದ್ದ ಉಸುಕು ಬರಲಿಲ್ಲ. ಗೌಂಡಿ ಅವಸರ ಮಾಡಿದ. "ನಾಡಿದ್ದು ನಾ ಮುದಗಲ್ಲಿಗೆ ಹೋಗಾಂವ. ಮನಿ ಮುಂದ ಉಸುಕಿನ ಗುಡ್ಡ ಇಟಗೊಂಡು ಉಸುಕಿಲ್ಲ ಅಂತೀರಲ್ರೀ!"

ಒಂದೇ ಟ್ರಾಲಿ, ಅದೂ ಕೆರೆಯ ಕಡೆಯ ಬುಡದಿಂದ ಎಂದುಕೊಂಡೆ. ಬೇಸಿಗೆಯ ಗಾಳಿ ಮತ್ತೆ ತುಂಬಿಕೊಡುತ್ತದೆ ಎಂದುಕೊಂಡೆ. ಓಣಿಯವರು ಹೊಲಕ್ಕೆ ಹೋಗಿದ್ದ ಹೊತ್ತಿನಲ್ಲಿ, "ಕರಕಿ ಮುಟ್ಟಬ್ಯಾಡ್ರಿ" ಎಂದು ಎದುರಿಗೇ ನಿಂತು ತುಂಬಿಸಿದೆ. ಸಂಜೆ ಮರೆಯದೆ ಹುಲ್ಲಿಗೆ ನೀರು ಚಿಮುಕಿಸಿದೆ. ಬುಡ ಕಳೆದುಕೊಂಡ ದಿನ್ನೆ ಎರಡೇ ದಿನಕ್ಕೆ ಕರಕಿಯ ಸಮೇತ ಜಾರಿ ಬಿತ್ತು.

ಚಿಗವ್ವ ಬಂದಾಗ ಕಾಲಿಗೆ ಗದ್ದೆಯ ಕೆಸರು ಒಣಗಿ ಬೆಳ್ಳಗಾಗಿತ್ತು. ದಿನ್ನೆಯ ಹತ್ತಿರ ಬಹಳ ಹೊತ್ತು ನಿಂತಳು. ಆಮೇಲೆ ನಮ್ಮ ಹೊಸ ಕೋಣೆಗೆ ಬಂದು ಗೋಡೆಯ ಮೇಲೆ ಅಂಗೈ ಇಟ್ಟಳು.

"ಚಿಗವ್ವಾ, ಒಂದ ಟ್ರಾಲಿ..."

"ಗ್ವಾಡಿ ಚಂದ ಬಂದೈತಿ" ಎಂದಳು. ಅಂಗೈಗೆ ಹತ್ತಿದ ಉಸುಕು ನೋಡಿಕೊಂಡು, "ಜಲ್ಲಡಿ ಹಿಡದು ಉಳದದ್ದು ಐತೇನು?"

ಉಳಿದಿದ್ದ ಉಸುಕನ್ನು ಬುಟ್ಟಿಗೆ ತುಂಬಿ ಹೊತ್ತಳು. ನಾನೂ ಒಂದು ಬುಟ್ಟಿ ಹೊತ್ತೆ. ಬೇಡ ಅನ್ನಲಿಲ್ಲ.

ಆ ಮಳೆಗಾಲ ಕೆರೆ ತುಂಬಿತು. ದಿನ್ನೆ ಜಾರಿದ ಜಾಗದಿಂದಲೇ ಅಲೆ ನುಗ್ಗಿ ಓಣಿಯಲ್ಲಿ ಮೊಣಕಾಲುದ್ದ ನೀರು ನಿಂತಿತು. ಜೋಳದ ಚೀಲ, ಹಾಸಿಗೆ, ಮಕ್ಕಳ ಪುಸ್ತಕ ಎಲ್ಲ ನೆನೆದವು. ನೀರು ಇಳಿದ ಮೇಲೆ ಚಿಲುಮೆಯ ಜಾಗದಲ್ಲಿ ಕರಿ ಹೂಳು ಕೂತಿತ್ತು.

ನಮ್ಮ ಮನೆಯ ಕಟ್ಟೆಯ ಮೇಲೆ ಜನ ಸೇರಿದರು. "ದಿನ್ನಿ ಉಸುಕು ಯಾರು ತಗದಾರ? ಹೇಳ್ಬೇಕಿವತ್ತು" ಎಂದರು ಎದುರುಮನೆಯ ಹಿರಿಯರು. ನಾನು ನೆಲ ನೋಡುತ್ತಿದ್ದೆ.

ನೆನೆದ ಕೌದಿ ಹಿಂಡುತ್ತಿದ್ದ ಚಿಗವ್ವ ತಲೆ ಎತ್ತದೆ ಹೇಳಿದಳು. "ಕಾಯಾಕಿ ನಾನು. ಬಿಟ್ಟು ಹೋದಾಕಿನೂ ನಾನ. ಕೇಳೂದಿದ್ರ ನನ್ನ ಕೇಳ್ರಿ."

"ಯಾಕ ಬಿಟ್ಟು ಹೋದಿ?"

"ಹೊಟ್ಟಿ ಐತಲ್ರೀ ಅಣ್ಣ."

ಎಲ್ಲರೂ ಹೋದ ಮೇಲೆ, ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ಓಣಿ ಎಲ್ಲಾ ನಿನ್ನ ಬೈತಿತ್ತು. ನೀ ಸಿಟ್ಟಿಗೆದ್ದು ದಿನ್ನಿ ಕಡಿ ಮುಖಾನ ಹಾಕ್ತಿದ್ದಿಲ್ಲ. ಬುಟ್ಟಿ ಹೊರಾಕ ನನಗೊಬ್ಬ ಬೇಕಲ್ಲಲೇ!"

ಎರಡು ಬೇಸಿಗೆ ಇಬ್ಬರೂ ಹೊತ್ತೆವು. ಕೆರೆಯ ನೀರು ಓಣಿಗೆ ತಂದು ಸುರಿದಿದ್ದ ಉಸುಕನ್ನೆಲ್ಲ ಬಳಿದು ಮತ್ತೆ ದಿನ್ನೆಗೆ ಹಾಕಿದೆವು. ಅವಳು ಕರಕಿ ಹಚ್ಚುವಳು, ನಾನು ಕೆಳಗೆ ನಿಂತು ಬೇರು ಕೊಡುವವನು. ಮೂರನೆಯ ಬೇಸಿಗೆಯಲ್ಲಿ, ಜ್ವರವೆಂದು ಲಿಂಗಸುಗೂರಿನ ದವಾಖಾನೆಗೆ ಹೋದವಳು ತಿರುಗಿ ಬರಲಿಲ್ಲ. ಮಣ್ಣು ಮಾಡಿ ಬಂದ ದಿನ ಅವಳ ಮನೆಯ ಹೊಸ್ತಿಲ ಒಳಗೆ ಒಂದಿಷ್ಟು ಉಸುಕು ಬಿದ್ದಿತ್ತು. ಅಂಗೈಗೆ ಬಳಿದುಕೊಂಡು ದಿನ್ನೆಗೆ ಹಾಕಿ ಬಂದೆ.

ಆ ಟ್ರಾಲಿಯ ಮಾತನ್ನು ಓಣಿಯವರಿಗೆ ಈವರೆಗೂ ನಾನು ಹೇಳಿಲ್ಲ. ಇಲ್ಲಿ ಬರೆದಿದ್ದೇನೆ.

ಕರಕಿ ಬೇರು ಹಿಡಿದಿದೆ. ಜಾರಿದ ಜಾಗ ಈಗ ನನ್ನ ಸೊಂಟದವರೆಗೆ ಬಂದಿದೆ. ಹೋದ ಮಳೆಗಾಲ ಅಲೆ ಅದನ್ನು ದಾಟಲಿಲ್ಲ. ಭಾನುವಾರ ಮನೆಯಿಂದ ಒಂದು ತಂಬಿಗೆ ನೀರು ಒಯ್ದು, ಮೊದಲು ಉಸುಕಿಗೆ ಸುರಿದು, ಹಳೆಯ ಚಿಲುಮೆಯ ಜಾಗದಲ್ಲಿ ತೋಡಿ ನೋಡುತ್ತೇನೆ. ಮೊಳದ ಕೆಳಗೆ ಹಸಿ ಇದೆ. ನೀರು ಇನ್ನೂ ಬಂದಿಲ್ಲ.