ಗಂಗಾಳದಲ್ಲಿ ಸೀಸ

ಗೋಕಾಕದಲ್ಲಿ ನಮ್ಮ ಕಾಕಾನದು ಪಾತ್ರೆ ಅಂಗಡಿ. ಉಣ್ಣುವ ಕಂಚಿನ ಗಂಗಾಳದ ಅಂಚನ್ನು ಬೆರಳಿನಿಂದ ಮೀಟಿ, ನಾದ ಕೇಳಿಯೇ ಅಸಲಿಯೋ ಬೆರಕೆಯೋ ಹೇಳುತ್ತಿದ್ದರು. ಸುತ್ತಲ ಊರಿನವರಿಗೆ ಅವರ ಮಾತೇ ಕೊನೆ.

ಎರಡು ಸಾವಿರದ ಆಸುಪಾಸಿನಲ್ಲಿ ನಾನು ಧಾರವಾಡದಲ್ಲಿ ಸಂಶೋಧನೆಗೆ ಸೇರಿದ್ದೆ. ಲೋಹದ ಮೇಲೆ ಲೇಸರ್ ಬಿಟ್ಟರೆ ಸಾಸಿವೆಗಿಂತ ಸಣ್ಣ ಜಾಗ ಆವಿಯಾಗಿ ಕಿಡಿ ಹಾರುತ್ತಿತ್ತು. ಆ ಬೆಳಕನ್ನು ಬಿಡಿಸಿ ನೋಡಿದರೆ ತಾಮ್ರ, ತವರ, ಸೀಸ ಒಂದೊಂದಕ್ಕೂ ಬೇರೆ ಬೇರೆ ಗೆರೆ. ಪ್ರಮಾಣ ಮೊದಲೇ ಗೊತ್ತಿದ್ದ ತುಣುಕುಗಳ ಗೆರೆಗಳೊಡನೆ ಹೋಲಿಸಿ ಯಾವುದು ಎಷ್ಟಿದೆ ಎಂದು ಕಂಡುಹಿಡಿಯುವುದು ನನ್ನ ಕೆಲಸ.

ನನಗೆ ಕಂಚು ಬೇಕೆಂದಾಗ ಕಾಕಾ ಹೊಸ ಮಾಲಿನ ಒಂದು ಗಂಗಾಳ ಕೊಟ್ಟರು. "ಒಯ್ಯವಾ, ಇದಕ್ಕಿಂತ ಚೊಲೋ ಕಂಚು ಎಲ್ಲಿ ಸಿಗತೈತಿ?"

ಅದರಲ್ಲಿ ಸೀಸದ ಗೆರೆ ಎದ್ದು ನಿಂತಿತು. ಜಾಗ ಬದಲಿಸಿ ಮೂರು ಸಲ ನೋಡಿದೆ. ಮೂರು ಸಲವೂ ಅದೇ. ರವಿವಾರ ಊರಿಗೆ ಹೋಗಿ, ಗಿರಾಕಿಗಳಿಲ್ಲದ ಹೊತ್ತು ನೋಡಿ ಹೇಳಿದೆ. "ಕಾಕಾ, ಇದರಾಗ ಸೀಸ ಐತ್ರಿ, ವಿಷ. ಉಣ್ಣಬಾರದ್ರಿ."

ಕಾಕಾ ವಾದ ಮಾಡಲಿಲ್ಲ. ಗಂಗಾಳವನ್ನು ತೊಡೆಯ ಮೇಲಿಟ್ಟುಕೊಂಡು ಅಂಚನ್ನು ಒಮ್ಮೆ ಮೀಟಿದರು. ಆಮೇಲೆ ಮೆಲ್ಲಗೆ ಅಂದರು, "ಕಿವಿ ಮಂದ ಆಗಿ ಎರಡು ವರ್ಷ ಆತು. ನಿಮ್ಮ ಕಾಕೂಗೂ ಹೇಳಿಲ್ಲ. ಬಾರಿಸಿದಂಗ ಮಾಡ್ತೇನಿ, ನಾದ ಕೇಳಂಗಿಲ್ಲ."

ಆ ಮಾಲು ಮಾತ್ರ ಹೊಸ ಕಡೆಯಿಂದ ಬಂದದ್ದು; ಅದರಲ್ಲಿ ಮಾರಿದ್ದು ಒಂದೇ ಗಂಗಾಳ, ಮಸಗುಪ್ಪಿಯ ಒಬ್ಬ ಹೆಣ್ಣುಮಗಳಿಗೆ. ಮರುದಿನವೇ ಕಾಕಾ ಬದಲಿಗೆ ಕೊಡಲು ಮನೆಯ ಹಳೆಯ ಗಂಗಾಳವೊಂದನ್ನು ಚೀಲದಲ್ಲಿಟ್ಟುಕೊಂಡು ನನ್ನನ್ನೂ ಕರೆದುಕೊಂಡು ಹೊರಟರು. ಆಕೆ ಅದನ್ನು ಮಗಳ ಮದುವೆಗೆ ಕೊಟ್ಟಿದ್ದಳು, ಮಗಳು ಹುಕ್ಕೇರಿಯಲ್ಲಿದ್ದಳು. ಮತ್ತೆ ಬಸ್ಸು ಹಿಡಿದೆವು.

ಹುಕ್ಕೇರಿಯಲ್ಲಿ ಕಾಕಾ ಹೊಸಿಲ ಹೊರಗೇ ನಿಂತು, "ತಪ್ಪು ನಂದವಾ, ನೋಡದ ಕೊಟ್ಟೇನಿ" ಎಂದರು. ಕಿವಿಯ ಸುದ್ದಿಯನ್ನೂ ಮುಚ್ಚಿಡಲಿಲ್ಲ. ಆ ಹುಡುಗಿ ಒಳಗೆ ಹೋಗಿ ಗಂಗಾಳ ತಂದುಕೊಟ್ಟಳು. "ಇಷ್ಟು ದೂರ ಬಂದೀರಿ, ಉಂಡು ಹೋಗ್ರಿ ಕಾಕಾ," ಎಂದು ಸ್ವಲ್ಪ ಜೋರಾಗಿಯೇ ಹೇಳಿದಳು, ಅವರಿಗೆ ಕೇಳಲಿ ಎಂದು. ಕಾಕಾ ನಕ್ಕರು.

ನಾನು ಧಾರವಾಡದಲ್ಲಿ ಇರುವತನಕ ಹೊಸ ಮಾಲು ಬಂದಾಗಲೆಲ್ಲ ಕಾಕಾ ಚೂರೊಂದನ್ನು ಕಾಗದದಲ್ಲಿ ಸುತ್ತಿ ಕಳಿಸುತ್ತಿದ್ದರು. ಮೇಲೆ ಅವರ ದಪ್ಪ ಅಕ್ಷರ: "ಸವಡಾದಾಗ ನೋಡು." ನಾನು ಬಿಡುವಿಗೆ ಕಾಯದೆ, ಬೇರೆಯವರ ತುಣುಕುಗಳನ್ನು ಬದಿಗಿಟ್ಟು ಅದನ್ನೇ ಮೊದಲು ನೋಡುತ್ತಿದ್ದೆ. ಈಗ ಕಾಕಾ ಇಲ್ಲ. ಆ ಕಾಗದಗಳಲ್ಲಿ ಒಂದನ್ನಾದರೂ ಎತ್ತಿಡಬೇಕಿತ್ತು.