ಸಾವ್ಕಾರರ ಅಂಗಡಿಯಲ್ಲಿ ಒಂದೂವರೆ ವರ್ಷ

ಕಾನಹೊಸಹಳ್ಳಿಯಲ್ಲಿ ನಾನು ನೋಡಿಕೊಳ್ಳುವ ಅಂಗನವಾಡಿಯ ಮಾಳಿಗೆ ಒಂದು ಮಳೆಗಾಲದಲ್ಲಿ ಬಿರುಕು ಬಿಟ್ಟಿತು. ಆ ಕಟ್ಟಡ ಕೆಡವಿ ಹೊಸದು ಕಟ್ಟುವವರೆಗೆ ಬಾಡಿಗೆಗೆ ಜಾಗ ಹುಡುಕಿಕೊಳ್ಳಿ ಎಂದು ಮೇಲಿನವರು ಹೇಳಿದರು. ನಮ್ಮ ಓಣಿಯಲ್ಲಿ ಖಾಲಿ ಇದ್ದದ್ದು ಸಾವ್ಕಾರರ ಕಿರಾಣಿ ಅಂಗಡಿ ಒಂದೇ.

ಮದುವೆಯಾಗಿ ಈ ಓಣಿಗೆ ಬಂದ ಹೊಸದರಲ್ಲಿ ಅತ್ತೆ ನನ್ನನ್ನು ಮನೆಯಿಂದ ಹೊರಗೆ ಕಳಿಸುತ್ತಿದ್ದದ್ದು ಆ ಅಂಗಡಿಗೆ ಮಾತ್ರ. ಬೇಳೆ, ಬೆಲ್ಲ, ಸೋಪಿನ ನೆಪದಲ್ಲಿ ದಿನಕ್ಕೆರಡು ಸಲ ಹೋಗುತ್ತಿದ್ದೆ. ಹೆದ್ದಾರಿಯ ಪಕ್ಕ ನಾವೇ ಬುಟ್ಟಿ ಹಿಡಿದು ಆರಿಸಿಕೊಳ್ಳುವ ದೊಡ್ಡ ಅಂಗಡಿ ಬಂದ ಮೇಲೆ ನಾನೂ ಅಲ್ಲಿಗೇ ಹೋಗತೊಡಗಿದೆ. ಸಾವ್ಕಾರರು ಅರ್ಧ ಖಾಲಿ ಡಬ್ಬಿಗಳ ನಡುವೆ ಒಂದಷ್ಟು ದಿನ ಕೂತರು. ಆಮೇಲೆ ಹಲಗೆ ಬಾಗಿಲು ಹಾಕಿದರು. ಅದೇ ವರ್ಷ ತೀರಿಕೊಂಡರು. ಆಗಿನಿಂದ ಎರಡು ವರ್ಷ ಆ ಬಾಗಿಲು ತೆರೆದಿರಲಿಲ್ಲ.

ಅವರ ಹೆಂಡತಿ, ಓಣಿಯವರೆಲ್ಲ ಅಂಗಡಿ ಅವ್ವ ಎನ್ನುವ ಹೆಂಗಸು, ಅಂಗಡಿಯ ಹಿಂದಿನ ಮನೆಯಲ್ಲೇ ಮಗ ಸೊಸೆಯ ಜೊತೆ ಇದ್ದಳು. ಜಾಗ ಕೇಳಲು ಅವಳ ಹತ್ತಿರ ಹೋದೆ.

"ಹುಡುಗ್ರ ಗದ್ದಲ ನಿಮಗ ತ್ರಾಸ ಆಗಬೋದಬೇ" ಎಂದೆ.

"ಗದ್ದಲ ಆಗ್ಲಿ ಬಿಡು. ಬೀಗದ ಕೈ ಅಲ್ಲಿ ಗ್ವಾಡಿ ಮೊಳಿಗೆ ಐತಿ, ತಗಾ. ನಾ ಮಾತ್ರ ಒಳಗ ಬರಂಗಿಲ್ಲ" ಎಂದಳು.

ನಾನೂ ನಮ್ಮ ಸಹಾಯಕಿಯೂ ಸೇರಿ ಹಲಗೆಗಳನ್ನು ಒಂದೊಂದಾಗಿ ತೆಗೆದೆವು. ಒಳಗೆ ಸಾಮಾನು ಏನೂ ಉಳಿದಿರಲಿಲ್ಲ. ಆದರೂ ಇಂಗು, ಕೊಬ್ಬರಿ, ಕರಗಿದ ಬೆಲ್ಲ ಎಲ್ಲ ಸೇರಿದ ಆ ವಾಸನೆ ಬಂದು ಮುಖಕ್ಕೆ ಬಡಿಯಿತು. ಎಣ್ಣೆ ಡಬ್ಬ ಇಟ್ಟ ಕಡೆ ನೆಲದ ಮೇಲೆ ಕಪ್ಪನೆಯ ದುಂಡು ಗುರುತು. ಚೀಲಗಳು ಒರಗಿದ್ದಷ್ಟು ಎತ್ತರಕ್ಕೆ ಗೋಡೆ ಜಿಡ್ಡುಗಟ್ಟಿತ್ತು. ಮನೆಗೂ ಅಂಗಡಿಗೂ ನಡುವೆ ಇದ್ದ ಬಾಗಿಲನ್ನು ಸಾವ್ಕಾರರು ಹೋದ ಮೇಲೆ ಮನೆಯವರು ಇಟ್ಟಿಗೆ ಇಟ್ಟು ಮುಚ್ಚಿಸಿದ್ದರು. ಸುಣ್ಣ ಹೊಡೆಸಿ, ಅಕ್ಷರದ ಪಟಗಳನ್ನು ತೂಗುಹಾಕಿದೆವು.

ಆದರೆ ಅಂಗಡಿ ಹೋಗಲೇ ಇಲ್ಲ. ಬೇಸಿಗೆಯ ಗಾಳಿ ಬೀಸಿದ ದಿನ ಯಾವ ಸಂದಿಯಿಂದಲೋ ಹಳೆಯ ಮೆಣಸಿನಕಾಯಿಯ ಧೂಳು ಏಳುತ್ತಿತ್ತು, ಮಲಗಿದ್ದ ಹದಿನೈದು ಮಕ್ಕಳೂ ಎದ್ದು ಕೂತು ಸೀನುತ್ತಿದ್ದವು. ಏನೂ ಇಲ್ಲದ ಮೂಲೆಗೆ ಇರುವೆಗಳು ಸಾಲುಗಟ್ಟಿ ಹೋಗಿ ಹಾಗೆಯೇ ಹಿಂದಿರುಗುತ್ತಿದ್ದವು. ಕಣ್ಣು ಮಂದವಾದ ಒಬ್ಬ ಮುದುಕಿ ಹೊಸ್ತಿಲ ಹತ್ತಿರ ನಿಂತು, "ಸಾವ್ಕಾರ, ಒಂದು ಕಡ್ಡಿಪೆಟ್ಟಿಗಿ ಕೊಡಪ" ಎಂದು ಕೈ ಚಾಚುತ್ತಿದ್ದಳು. ಮೊದಲ ಸಲ ನಾನೂ ಹಿಂದೆ ತಿರುಗಿ ನೋಡಿದ್ದೆ.

ಆರು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಅಂಗಡಿ ಅವ್ವ ಬಾಡಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಬಂದು ಹೊಸ್ತಿಲ ಹೊರಗೇ ನಿಂತಿದ್ದಳು. ಒಳಗೆ ಮೂರು ವರ್ಷದ ಒಂದು ಹುಡುಗಿ ಬಕೆಟ್ಟು ಬೋರಲು ಹಾಕಿಕೊಂಡು ಅಂಗಡಿಯಾಟ ಆಡುತ್ತಿದ್ದಳು. ಇನ್ನೊಂದು ಮಗುವಿನ ಅಂಗೈಗೆ ಹುಣಸೆ ಬೀಜ ಹಾಕಿ, ಕತ್ತು ಓರೆ ಮಾಡಿ ಅಂದಳು:

"ಮತ್ತೇನವ್ವಾ? ಇಷ್ಟ ಸಾಕಾ?"

ಅಂದು, ಎರಡು ಸಲ ಒಣ ಕೆಮ್ಮು ಕೆಮ್ಮಿದಳು.

ಅದು ಸಾವ್ಕಾರರ ಮಾತು. ಅದೇ ಎಳೆತ, ಅದೇ ಕೆಮ್ಮು. ಅವರು ತೀರಿಕೊಂಡಾಗ ಈ ಹುಡುಗಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಅಂಗಡಿ ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನನ್ನ ಕಡೆ ನೋಡದೆ, ಹೆಬ್ಬೆಟ್ಟಿನ ಮಸಿ ಕೂಡ ಒರೆಸಿಕೊಳ್ಳದೆ ಹೊರಟುಹೋದಳು.

ಸಂಜೆ ಹುಡುಗಿಯನ್ನು ಕರೆದೊಯ್ಯಲು ತಾಯಿ ಬಂದಾಗ ಕೇಳಿದೆ: "ಈ ಮಾತು ನಿನ್ನ ಮಗಳಿಗೆ ಯಾರು ಕಲಿಸ್ಯಾರ?"

ಅವಳು ನಕ್ಕಳು. "ನೀವ ಅಲ್ರಿ ಟೀಚರ್. ಮನ್ಯಾಗ ಊಟಕ್ಕ ಕುಂತ್ರ ದಿನಾ ನಿಮ್ಮಂಗ ಮಾಡ್ತಾಳ."

ನಾನು ನಂಬಲಿಲ್ಲ. ಪಾತ್ರೆ ತಿಕ್ಕುತ್ತಿದ್ದ ಸಹಾಯಕಿ ತಲೆ ಎತ್ತಿ, "ಹೌದ್ರಿ. ಕೆಮ್ಮೂ ನಿಮ್ದ. ಇಲ್ಲಿಗೆ ಬಂದಾಗಿಂದ ಕೆಮ್ಮಾಕ ಹತ್ತೀರಿ" ಎಂದಳು.

ಮರುದಿನ ಅನ್ನ ಬಡಿಸುವಾಗ ನನ್ನ ಬಾಯನ್ನು ನಾನೇ ಕಾದೆ. ಒಂದು, ಎರಡು, ಮೂರನೆಯ ತಟ್ಟೆ. ನಾಲ್ಕನೆಯದಕ್ಕೆ ಸೌಟು ಬಾಗಿಸಿದಾಗ ಆ ಮಾತು ನಾಲಿಗೆಯ ತುದಿಗೆ ತಾನಾಗಿ ಬಂದು ನಿಂತಿತ್ತು. ಹಲ್ಲು ಕಚ್ಚಿ ಹಿಡಿದೆ. ಗಂಟಲು ಕೆರೆಯಿತು.

ಅಂಗಡಿ ಅವ್ವ ಹೆದರಿದ್ದಾಳೆ, ನಿಜ ಹೇಳಿದರೆ ಸಮಾಧಾನವಾದೀತು ಎಂದುಕೊಂಡು ಅದೇ ದಿನ ಅವಳ ಮನೆಗೆ ಹೋದೆ. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಅವಳು ಇಟ್ಟಿಗೆ ಮುಚ್ಚಿದ ಬಾಗಿಲ ಪಕ್ಕ ಚಾಪೆಯ ಮೇಲೆ ಕೂತಿದ್ದಳು. ತಲೆದಿಂಬು ಗೋಡೆಗೆ ಒತ್ತಿಕೊಂಡಿತ್ತು.

"ಅದು ಯಾರೂ ಅಲ್ಲಬೇ, ನಾನ" ಎಂದೆ. "ನನಗ ಗೊತ್ತಾಗದಂಗ ಸಾವ್ಕಾರ್ರ ಮಾತು ನನ್ನ ಬಾಯಾಗ ಬಂದೈತಿ. ಇನ್ನ ಮ್ಯಾಲ ಅನ್ನಂಗಿಲ್ಲ."

ಅವಳು ನನ್ನನ್ನೇ ನೋಡಿದಳು. "ಊಟದ ಹೊತ್ತಿಗೆ ಕೇಳ್ತಿತ್ತಲ್ಲ, ಅದೂ ನೀನ?"

"ಹೂಂಬೇ."

"ಆರು ತಿಂಗಳಾತು, ಆ ಹೊತ್ತಿಗೆ ನಾ ಇಲ್ಲೇ ಬಂದು ಕುಂದ್ರತೀನಿ" ಎಂದಳು. ಆ ಗೋಡೆಯ ಮೂಲಕ ದನಿ ಗಂಡಸಿನದೋ ಹೆಂಗಸಿನದೋ ತಿಳಿಯದು, ಮಾತಿನ ಧಾಟಿ ಮಾತ್ರ ದಾಟಿ ಹೋಗುತ್ತದೆ. "ಒಳಗ ಬಂದು ನೋಡಿದ್ರ ಎಲ್ಲಿ ಅವ್ರು ಇರಂಗಿಲ್ಲೋ ಅಂತ ಬರ್ತಿದ್ದಿಲ್ಲ."

ಅವಳು ಎದ್ದು ಚಾಪೆ ಸುತ್ತಿದಳು.

ಮಾರನೆಯ ದಿನ ಊಟದ ಹೊತ್ತಿಗೆ ಅಂಗಡಿ ಅವ್ವ ಹೊಸ್ತಿಲು ದಾಟಿ ಒಳಗೆ ಬಂದಳು. ಮಕ್ಕಳ ನಡುವೆ ಮೆಲ್ಲಗೆ ಹೆಜ್ಜೆಯಿಡುತ್ತಾ ನಾಲ್ಕು ಮೂಲೆಗಳನ್ನೂ ನೋಡಿದಳು. ಜಿಡ್ಡಿನ ಗೋಡೆಯನ್ನು ಮುಟ್ಟಿ ನೋಡಿದಳು. ನಾನು ಬಡಿಸುತ್ತಿದ್ದೆ, ತುಟಿ ಬಿಗಿದುಕೊಂಡು. ಅವಳು ನನ್ನ ಬಾಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತಿದ್ದು, ಹೋಗುವಾಗ, "ಇಟ್ಟಿಗಿ ತೆಗೆಸಿಬಿಡ್ತೀನಿ. ಸುಮ್ಮನ ಗಾಳಿ ತಡೀತಾವ" ಎಂದಳು. ಮುಂದಿನ ವಾರ ತೆಗೆಸಿಯೂಬಿಟ್ಟಳು.

ಹೊಸ ಕಟ್ಟಡ ಎದ್ದು ನಾವು ಹೋಗಿ ಎರಡು ವರ್ಷವಾಯಿತು. ಸಾವ್ಕಾರರ ಅಂಗಡಿಯಲ್ಲಿ ಈಗ ಮಗ ನೀರಿನ ಕ್ಯಾನುಗಳನ್ನು ತುಂಬಿದ್ದಾನೆ. ಮೀಟಿಂಗಿಗೆಂದು ಬಸ್ಸಿನಲ್ಲಿ ಕೂಡ್ಲಿಗಿಗೆ, ಕೊಟ್ಟೂರಿಗೆ ಹೋಗುವಾಗ ಹಲಗೆ ಹಾಕಿದ ಅಂಗಡಿ ಕಂಡರೆ ಅದರ ಹಿಂದೆ ಮನೆ ಇದೆಯೇ ಎಂದು ನೋಡುತ್ತೇನೆ. ಅಂಗಡಿ ಅವ್ವ ಸಿಕ್ಕಾಗ ಚೆನ್ನಾಗಿಯೇ ಮಾತಾಡಿಸುತ್ತಾಳೆ, ಆ ವಿಷಯ ಮಾತ್ರ ಎತ್ತುವುದಿಲ್ಲ. ನಾನು ಆ ದಿನ ಅವಳ ಮನೆಗೆ ಹೋಗಬಾರದಿತ್ತು.